ವಾಪಸ್ ಕೊಟ್ಟ ಹುಗ್ಗಿ

ಎರಡು ಸಾವಿರದ ಇಸವಿಯಿಂದ ಈಚಿನ ಒಂದು ವರ್ಷ. ದುಃಖದಲ್ಲಿದ್ದ ಹೆಂಗಸರ ಸ್ನೇಹ ಬೆಳೆಸಿ, ಊಟದಲ್ಲಿ ವಿಷ ಹಾಕಿ ಒಬ್ಬೊಬ್ಬರನ್ನೇ ಕೊಂದವಳ ಸುದ್ದಿ ಪೇಪರು, ಟಿವಿ ತುಂಬ ಬರುತ್ತಿತ್ತು. ಮನಶ್ಶಾಸ್ತ್ರ ಓದಿದವರೊಬ್ಬರು ಟಿವಿಯಲ್ಲಿ, ಇಂಥ ಹೆಂಗಸರು ಸಾಮಾನ್ಯವಾಗಿ ತಮ್ಮನ್ನು ನಂಬಿದವರನ್ನೇ ಕೊಲ್ಲುತ್ತಾರೆ, ಆರೈಕೆ ಮಾಡುವ ಕೈಯನ್ನು ಯಾರೂ ಅನುಮಾನಿಸುವುದಿಲ್ಲ ಎಂದರು. ಹುರುಳಿಕಾಯಿ ಹೆಚ್ಚುವುದನ್ನು ಬಿಟ್ಟು ಕೇಳುತ್ತಾ ಕೂತೆ. ಅವತ್ತಿನಿಂದಲೇ ನನ್ನ ತಲೆ ಕೆಟ್ಟಿತು.

ಕೆ.ಆರ್. ಪುರದಲ್ಲಿ ರಾಗಿ ಬೆಳೆಯುತ್ತಿದ್ದ ನಮ್ಮ ಹೊಲದಲ್ಲಿ ಮಾವ ಸಾಲಾಗಿ ಬಾಡಿಗೆ ರೂಮು ಕಟ್ಟಿಸಿದ್ದರು. ಕೊನೆಯ ರೂಮಿನಲ್ಲಿ ಗುಲ್ಬರ್ಗದ ಕಡೆಯವಳೊಬ್ಬಳು ಗಂಡನ ಜೊತೆ ಇದ್ದಳು. ಇಬ್ಬರದೂ ಗಾರೆ ಕೆಲಸ. ನಮ್ಮತ್ತೆ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಅವಳು ಸಂಜೆ ಬಂದು ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಏನಾದರೂ ಮೆತ್ತಗಿನದು ಮಾಡಿದರೆ ಒಂದು ಬಟ್ಟಲು ತರುತ್ತಿದ್ದಳು. ಬಟ್ಟಲನ್ನು ನಾವು ಬರಿದಾಗಿ ವಾಪಸ್ ಕೊಡುವವರಲ್ಲ. ಏನಿಲ್ಲದಿದ್ದರೂ ಚಿಟಿಕೆ ಸಕ್ಕರೆ ಹಾಕಿ ಕಳಿಸುತ್ತಿದ್ದೆ. ನನ್ನ ಅಡುಗೆಗೆ ಮುಖ ಸಿಂಡರಿಸುತ್ತಿದ್ದ ಅತ್ತೆ ಅವಳದನ್ನು ಚಪ್ಪರಿಸಿ ತಿನ್ನುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ದಿನಗಳಲ್ಲೇ ಅತ್ತೆ ಹಗಲೆಲ್ಲ ಮಂಪರಿನಲ್ಲಿ ಬಿದ್ದಿರತೊಡಗಿದರು. ಮಾತು ತೊದಲುತ್ತಿತ್ತು. ಒಂದು ಸಂಜೆ ಅವಳು ಗೋಧಿ ಹುಗ್ಗಿ ತಂದಳು. ಮುಚ್ಚಳ ತೆಗೆದೂ ನೋಡದೆ, ತುಂಬಿದ ಬಟ್ಟಲನ್ನು ಹಾಗೇ ಅವಳ ಕೈಗೆ ತುರುಕಿದೆ.

“ಇನ್ಮೇಲೆ ಏನೂ ತರ್ಬೇಡ. ಅದೇನ್ ಹಾಕ್ತೀಯೋ ಏನೋ, ಅತ್ತೆಗೆ ಎಚ್ಚರಾನೇ ಆಗ್ತಿಲ್ಲ!”

ಸಾಲಿನ ಬಾಗಿಲುಗಳಲ್ಲೆಲ್ಲ ತಲೆಗಳು ಹೊರಬಂದವು.

“ಗೋಧಿ, ಬೆಲ್ಲ ಬಿಟ್ರ ಬ್ಯಾರೆ ಏನೂ ಹಾಕಿಲ್ರಿ ಅಕ್ಕಾರ,” ಎಂದಳು.

ಮರುದಿನದಿಂದ ನಲ್ಲಿಯ ಹತ್ತಿರ ಯಾರೂ ಅವಳ ಕೊಡದ ಪಕ್ಕ ತಮ್ಮ ಕೊಡ ಇಡಲಿಲ್ಲ. ಮಕ್ಕಳನ್ನು ಒಳಗೆ ಎಳೆದುಕೊಂಡರು. ವಾರದೊಳಗೆ ಗಂಡ ಹೆಂಡತಿ ರೂಮು ಖಾಲಿ ಮಾಡಿದರು.

ಅತ್ತೆಯ ಮಂಪರು ಮಾತ್ರ ಇಳಿಯಲಿಲ್ಲ. ಡಾಕ್ಟರು ನೋಡಿ, “ನಿದ್ದೆ ಮಾತ್ರೆ ಎಷ್ಟು ಕೊಡ್ತಿದ್ದೀರಮ್ಮ?” ಎಂದರು. ಅವರು ಬರೆದುಕೊಟ್ಟಿದ್ದು ರಾತ್ರಿಗೆ ಅರ್ಧ. ನಾನು ಮಧ್ಯಾಹ್ನವೂ ಒಂದು ಕೊಡುತ್ತಿದ್ದೆ. ಅತ್ತೆ ಕರೆಯುವುದು ನಿಂತರೆ ನಾನೂ ಒಂದು ಗಳಿಗೆ ಬೆನ್ನು ಚಾಚಬಹುದಿತ್ತು. ಕೈತಪ್ಪಿ ಆದದ್ದೆಂದು ಡಾಕ್ಟರಿಗೆ ಹೇಳಿದೆ. ಕೈ ತಪ್ಪಿರಲಿಲ್ಲ. ಇವತ್ತು ಏಳದಿದ್ದರೆ ಸಾಕಪ್ಪ ಎಂದು ಒಂದೆರಡು ಸಲ ಅಂದುಕೊಂಡದ್ದೂ ಉಂಟು. ಅಯ್ಯೋ, ನಾನೇನು ಹೆಂಗಸು! ಕೊಲೆಗಾತಿಯನ್ನು ಕೊನೆಯ ರೂಮಿನಲ್ಲಿ ಹುಡುಕುತ್ತಾ ಇದ್ದೆನಲ್ಲ.

ಮಧ್ಯಾಹ್ನದ ಮಾತ್ರೆ ನಿಲ್ಲಿಸಿದೆ. ಅತ್ತೆ ಚೇತರಿಸಿಕೊಂಡರು. ಹೋದವಳ ಹೆಸರಿಗೆ ಹತ್ತಿದ ಮಸಿ ಮಾತ್ರ ಹಾಗೇ ಉಳಿದಿತ್ತು. ವಿಚಾರಿಸಿ, ಲಿಂಗರಾಜಪುರದಲ್ಲಿ ಅವಳಿದ್ದ ಶೀಟಿನ ಮನೆಗೆ ಹೋದೆ. ಅವಳು ಚಾಪೆ ಹಾಸಿ, “ಅವ್ವಾರು ಆರಾಮ ಅದಾರೇನ್ರಿ?” ಎಂದಳು. ನನಗೆ ಅಳು ಬಂದುಬಿಟ್ಟಿತು.

“ಮಾತ್ರೆ ನಾನೇ ಜಾಸ್ತಿ ಕೊಡ್ತಿದ್ದೆ ಕಣಮ್ಮ. ತಪ್ಪೆಲ್ಲ ನಂದು. ವಾಪಸ್ ಬಂದ್ಬಿಡು, ಎಲ್ರ ಮುಂದೆ ಹೇಳ್ತೀನಿ.”

ಅವಳು ಸ್ಟೋವ್ ಹಚ್ಚಿ ಚಹಾ ಮಾಡಿ ಲೋಟ ಕೊಟ್ಟಳು. ತುಟಿಯವರೆಗೆ ಎತ್ತಿದೆ. ಕೈ ಅಲ್ಲೇ ನಿಂತುಬಿಟ್ಟಿತು. ಎಲ್ಲ ಗೊತ್ತಿದ್ದೂ ನನಗೆ ಹೆದರಿಕೆಯಾಯಿತು.

ಅವಳು ಅದನ್ನು ನೋಡಿದಳು. ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದಿಷ್ಟು ತಟ್ಟೆಗೆ ಬಗ್ಗಿಸಿ, ನನ್ನೆದುರೇ ಕುಡಿದಳು. ಉಳಿದದ್ದನ್ನು ನನ್ನ ಮುಂದಿಟ್ಟಳು.

“ಈಗ ಕುಡೀರಿ ಅಕ್ಕಾರ.”