ಹುಳಿ ಮಣ್ಣಿನ ಮದ್ದು

ದನವಿಲ್ಲದ ಮನೆಯಲ್ಲಿ ಹುಲ್ಲು ಯಾಕೆ ಬೆಳೆಸಬೇಕು ಎಂಬುದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಆ ಆಸೆ ನನ್ನ ಹೆಂಡತಿ ಸರೋಜಳದ್ದು. ಅವಳು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಸಾಹೇಬರ ಬಂಗಲೆಯ ಲಾನನ್ನು ಬೇಲಿಯಾಚೆಯಿಂದಷ್ಟೇ ನೋಡಿದ್ದವಳು, ಶಿವಮೊಗ್ಗದಲ್ಲಿ ನಮ್ಮದೇ ಮನೆಯಾದಾಗ ಕೇಳಿದ್ದು ಅದೊಂದನ್ನೇ.

ಹುಲ್ಲು ಮಾತ್ರ ಒಪ್ಪಲಿಲ್ಲ. ಸೈಟಿಗೆ ಹೊಡೆಸಿದ್ದ ಕರಿಮಣ್ಣು ಮಳೆಗಾಲದಲ್ಲಿ ಚಪ್ಪಲಿ ಹಿಡಿದರೆ ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮೇಲೆ ಬಿಳಿ ಪುಡಿ ಏಳುತ್ತಿತ್ತು. "ಸವಳು ಮಣ್ಣು ಕಣ್ರೀ," ಎಂದ ಗೊಬ್ಬರದ ಅಂಗಡಿಯವನು. "ಸವಳಂಗ ರಸ್ತೇಲಿ ಮನೆ ಕಟ್ಟಿ ಸವಳು ಅಂತ ಅಳ್ತೀರಲ್ಲ ಸಾರ್!" ಆ ಊರಿನ ಹೆಸರಿಗೂ ಈ ಮಣ್ಣಿಗೂ ನಿಜಕ್ಕೂ ನಂಟಿದೆಯೋ ಇಲ್ಲವೋ, ಸರೋಜ ಮಾತ್ರ ವಾರವೆಲ್ಲ ನಕ್ಕಳು.

ತೀರ್ಥಹಳ್ಳಿ ಕಡೆ ತೋಟವಿರುವ ನನ್ನ ಅಣ್ಣ ಬಂದಾಗಲೆಲ್ಲ ಹೇಳುತ್ತಿದ್ದ: "ಎರಡು ಬುಟ್ಟಿ ಸುಣ್ಣ ಚೆಲ್ಲು ಮಾರಾಯ, ಎಲ್ಲ ಸರಿಯಾಗುತ್ತೆ." ಅವನ ಕಡೆಯ ಮಣ್ಣು ಹುಳಿ, ಅದಕ್ಕೆ ಸುಣ್ಣವೇ ಮದ್ದು. ನಮ್ಮದು ತದ್ವಿರುದ್ಧ. "ನಿಮ್ಮ ಹುಳಿ ಮದ್ದು ನಮಗೆ ಬೇಡ ಭಾವ," ಎಂದು ಸರೋಜ ಸವಳಿಗೆ ಹಾಕುವ ಜಿಪ್ಸಂ ತರಿಸಿದಳು. ಮರಳು, ಸಗಣಿ ಗೊಬ್ಬರದ ಜೊತೆ ಅದನ್ನು ಅರ್ಧ ಅಂಗಳಕ್ಕೆ ಬೆರೆಸಿದಳು. ಉಳಿದರ್ಧ ಮಾಡುವ ಮೊದಲೇ ತೀರಿಕೊಂಡಳು.

ಆಮೇಲೆ ಮನೆಗೆ ಬಂದವರೆಲ್ಲ ನನಗೂ ಮದ್ದು ಹೇಳಿದರು. ಒಬ್ಬರು ಕಾಶಿಗೆ ಹೋಗಿ ಬನ್ನಿ ಎಂದರು, ಒಬ್ಬರು ಟೀವಿ ಹಾಕಿಕೊಂಡು ಕೂತಿರಿ ಎಂದರು. ಅವರವರ ಮಣ್ಣಿಗೆ ಅದು ಹಿಡಿದಿದ್ದೀತು. ನಾನು ತಲೆಯಾಡಿಸಿ ಕಾಫಿ ಕೊಟ್ಟೆ.

ಅಣ್ಣನ ಮದ್ದು ಕಾಫಿಗೆ ಕರಗುವಂಥದ್ದಲ್ಲ. "ವರ್ಷಾಬ್ದಿಕಕ್ಕೆ ಜನ ಬರ್ತಾರೆ. ಆ ಕೆಸರಲ್ಲಿ ಎಲ್ಲಿ ಕೂರಿಸ್ತೀಯ? ಸಿಮೆಂಟ್ ಹಾಕ್ಸು. ಗಾರೆಯವನನ್ನ ನಾನೇ ಕರ್ಕೊಂಡು ಬರ್ತೀನಿ."

ಬೇಡವೆನ್ನಲು ನನ್ನ ಬಳಿ ಕಾರಣವಿರಲಿಲ್ಲ, ಹುಲ್ಲೂ ಇರಲಿಲ್ಲ. ಅದು ಅವಳ ಕೈಯಾಡಿದ ನೆಲ ಎಂದರೆ ಅಣ್ಣ ಅತ್ತುಬಿಡುತ್ತಾನೆ. ಅತ್ತ ಮೇಲೂ ಸಿಮೆಂಟ್ ಹಾಕಿಸುತ್ತಾನೆ. ಹಾಗಾಗಿ ಉಳಿದರ್ಧಕ್ಕೆ ನಾನೇ ಕೈಹಾಕಿದೆ. ಜೇಡಿಮಣ್ಣನ್ನು ಹಸಿಯಿದ್ದಾಗ ಅಗೆಯಬಾರದು, ತುಳಿಯಲೂಬಾರದು; ಇಟ್ಟಿಗೆಯಾಗುತ್ತದೆ. ಒಂದು ಹಿಡಿ ಹಿಸುಕಿದರೆ ಉಂಡೆಯಾಗದೆ ಉದುರಬೇಕು. ಅಲ್ಲಿಯವರೆಗೆ ಕಾಯುವುದೇ ಕೆಲಸ. ಸುಮ್ಮನೆ ಕೂರುವುದಕ್ಕೆ ಇಷ್ಟು ಮರ್ಯಾದೆಯ ಕಾರಣವೊಂದು ಸಿಕ್ಕೀತೆಂದು ನನಗೆ ಗೊತ್ತಿರಲಿಲ್ಲ.

ವರ್ಷಾಬ್ದಿಕ ಹತ್ತಿರವಾಯಿತು. ಜೋರು ಮಳೆ ಬಂದು ಬಿಟ್ಟ ಮರುದಿನ ಅಣ್ಣ ಗಾರೆಯವನೊಂದಿಗೆ ಬಂದು, ಪಂಚೆ ಎತ್ತಿಕಟ್ಟಿ ಗೇಟಿನಲ್ಲೇ ನಿಂತ. ನಾನು ನೆಟ್ಟಿದ್ದ ಹುಲ್ಲು ಅಂಗಳದಲ್ಲಿ ಸರಿಯಾಗಿ ಬಾರದ ಗಡ್ಡದ ಹಾಗೆ ಅಲ್ಲಲ್ಲಿ ಎದ್ದಿತ್ತು.

"ನಿನ್ನೆ ಅಷ್ಟು ಮಳೆ ಹೊಡೀತಲ್ಲ, ನೀರೆಲ್ಲೋ?"

"ಒಳಗೆ ಹೋಯ್ತು."

ಅವನು ಬಗ್ಗಿ ನೆಲ ಮುಟ್ಟಿ ನೋಡಿದ. "ಅವಳು ಏನು ಹಾಕಿದ್ಲು ಅಂದಿದ್ದೆ?"

ಹೇಳಿದೆ. ಅಣ್ಣ ಎದ್ದು ಪಂಚೆಗೆ ಕೈ ಒರೆಸಿಕೊಂಡು ಗಾರೆಯವನ ಕಡೆ ತಿರುಗಿದ. "ಊಟಕ್ಕೆ ಒಳಗೆ ಹಾಲ್‌ನಲ್ಲೇ ಎರಡು ಪಂಕ್ತಿ ಮಾಡಿದ್ರಾಯ್ತು. ನೀನು ಆ ಮೆಟ್ಟಿಲು ನೋಡು, ತುದಿ ಕಿತ್ತು ಹೋಗಿದೆ."

ಅಂತೂ ಸಿಮೆಂಟ್ ಬಿತ್ತು, ಮೆಟ್ಟಿಲಿಗೆ. ಅಕ್ಕರೆಯಿಂದ ಬಂದವರನ್ನು ಬೇಡವೆಂದು ಕಳಿಸುವುದು ಕಷ್ಟ. ಇನ್ನೊಂದು ಜಾಗ ತೋರಿಸಬಹುದು.