ಎರಡೇ ರೊಟ್ಟಿ ಹಿಡಿಯುವ ಡಬ್ಬಿ

ಸಾತವ್ವ ತೂಕ ಇಳಿಸಿದ್ದು ಬಸ್ಸು ಹತ್ತುವುದಕ್ಕೆ. ಬೇರೆ ಯಾವ ಕಾರಣವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ಊರವರು ಬಾಯಿಗೆ ಬಂದಂತೆ ಆಡಿಕೊಂಡಿದ್ದರು. ಐವತ್ತೆರಡರಲ್ಲಿ ಇವಳಿಗೆ ಹರೆಯ ಬಂತು ಅಂದವರು ಕೆಲವರು, ಸಕ್ಕರೆ ಕಾಯಿಲೆ ಬಂದಿದೆ, ಮುಚ್ಚಿಡುತ್ತಿದ್ದಾಳೆ ಅಂದವರು ಕೆಲವರು. ನಾನು ಬೀಳಗಿ ತಾಲೂಕಿನ ಆ ಪುನರ್ವಸತಿ ಊರಿನಲ್ಲಿ ನರ್ಸಾಗಿದ್ದೆ. ಇಳಿಸು, ಇಳಿಸು ಎಂದು ಅವಳ ಬೆನ್ನು ಹತ್ತಿದವಳು ನಾನೇ. ಹಾಗಾಗಿ ನಡೆದದ್ದು ನನಗೆ ಗೊತ್ತು.

ಅವಳ ಹಳೆಯ ಊರು ಕೃಷ್ಣೆಯ ದಂಡೆಗಿತ್ತು. ಕುರಿಗಾರರು ಹಿಂಡನ್ನು ನೀರಿಗೆ ಇಳಿಸುವ ದಾರಿ ಅವಳ ಮನೆಯ ಮುಂದೆಯೇ ಹಾಯ್ದು ಹೋಗುತ್ತಿತ್ತು. ಗಂಡ ಜಕ್ಕಪ್ಪನೂ ಕುರಿ ಕಾಯ್ದವನೇ. ಮಕ್ಕಳಾಗಲಿಲ್ಲ, ಆದರೆ ಉಣ್ಣುವವರಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಪಕ್ಕದ ಮನೆಯವಳು ತಾರವ್ವ. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ನಡುವೆ ಇದ್ದದ್ದು ಒಂದು ಗಿಡ್ಡ ಗೋಡೆ, ಅದರ ಮೇಲಿಂದ ದಿನವೂ ಪಲ್ಯದ ಬಟ್ಟಲು ಅತ್ತಿತ್ತ ದಾಟುತ್ತಿತ್ತಂತೆ. ಆಲಮಟ್ಟಿಯ ಹಿನ್ನೀರು ಏರಿ ಊರು ಮುಳುಗಿದಾಗ ಸಾತವ್ವನಿಗೆ ಇಲ್ಲಿ ಜಾಗ ಸಿಕ್ಕಿತು. ತಾರವ್ವ ಮಗ ನಾಮದೇವನ ಜೊತೆ ಮುಧೋಳದ ಕಡೆ ಹೋದಳು. ಅವನಿಗೆ ಅಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ.

ಹೊಸ ಊರಿಗೆ ಬಂದ ಎರಡನೇ ವರ್ಷಕ್ಕೆ ಜಕ್ಕಪ್ಪ ತೀರಿಕೊಂಡ. ತಾರವ್ವ ಬಂದು ಒಂಬತ್ತು ದಿನ ಇದ್ದು ಹೋದಳು. ಆಮೇಲೆ ಅವಳ ಎರಡೂ ಕಣ್ಣಿಗೆ ಪೊರೆ ಬಂತು, ಒಬ್ಬಳೇ ಎಲ್ಲಿಗೂ ಹೊರಡುವಂತಿಲ್ಲ. ಇತ್ತ ಸಾತವ್ವ ಇದ್ದ ಎರಡು ಎಕರೆಯನ್ನು ಬೇರೆಯವರಿಗೆ ಲಾವಣಿ ಗುತ್ತಿಗೆಗೆ ಕೊಟ್ಟು ಮನೆ ಹಿಡಿದು ಕೂತಳು. ಕೂತಲ್ಲೇ ಮೈ ಬಂತು, ಮೈ ಬಂದಮೇಲೆ ಮೊಣಕಾಲು ಹಿಡಿಯಿತು.

ಎರಡು ಸಾವಿರದ ಒಂಬತ್ತರ ಸಂಕ್ರಾಂತಿ ಮುಗಿದ ವಾರ ಅವಳು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ತಾರವ್ವನನ್ನು ನೋಡಲು ಹೊರಟಳು. ಬಸ್ಸು ಬಂತು. ಮೊದಲ ಮೆಟ್ಟಿಲಿಗೆ ಕಾಲು ಏರಲಿಲ್ಲ. ಕಂಡಕ್ಟರ್ ಒಳಗಿನಿಂದ ಕೈ ಹಿಡಿದು ಎಳೆದ, ಕೆಳಗಿನಿಂದ ಇಬ್ಬರು ಹೆಂಗಸರು ನೂಕಿದರು, ಕಿಟಕಿಯಲ್ಲಿ ಕೂತ ಯಾರೋ ಕಬ್ಬು ಏರಿಸುವವರನ್ನು ಕರೆಯಿರಿ ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಕೊನೆಗೆ ಅವಳನ್ನು ಅಲ್ಲೇ ಬಿಟ್ಟು ಡ್ರೈವರ್ ಗೇರು ಹಾಕಿದ. ಗಂಟನ್ನು ಬಗಲಲ್ಲಿ ಇಟ್ಟುಕೊಂಡು ಅವಳು ನೇರ ನನ್ನ ಉಪಕೇಂದ್ರಕ್ಕೆ ಬಂದಳು.

“ನರ್ಸ ಬಾಯಾರ, ನನ್ನ ತಾರಿ ಕಡೆ ಮುಟ್ಟಸ್ರಿ,” ಅಂದಳು. “ಟಂಟಂ ಆಟೋ ಬೀಳಗಿ ದಾಟೂದಿಲ್ಲ. ಮ್ಯಾಲ ಆಕಿ ಊರ ಕ್ರಾಸಿನಿಂದ ಎರಡ ಮೈಲ ನಡೀಬೇಕ. ಹಿಂಗಽ ಇದ್ರ ನಾ ಆಕಿ ಮಾರಿ ನೋಡದಽ ಸಾಯ್ತೇನಿ.”

ತೂಗಿದೆ. ಎಂಬತ್ತನಾಲ್ಕು ಕೆ.ಜಿ. ಇತ್ತು. ಎಪ್ಪತ್ತರ ಹತ್ತಿರ ಬಂದರೆ ಮೊಣಕಾಲು ಮಾತು ಕೇಳುತ್ತದೆ ಅಂದೆ.

ನನಗೆ ಒಂದು ಕೆಟ್ಟ ಚಟವಿದೆ. ಯಾರಾದರೂ ನನ್ನ ಮಾತು ಕೇಳುತ್ತಾರೆ ಅಂದರೆ ಸಾಕು, ಅವರ ಮನೆಯ ಒಲೆಯವರೆಗೂ ಹೋಗಿಬಿಡುತ್ತೇನೆ. ನನ್ನದು ಜಮಖಂಡಿ, ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುತ್ತಿದ್ದೆ. ಬೇಕಾದ ಸಾಮಾನು ನಾನೇ ತರುತ್ತೇನೆ ಅಂದೆ.

ಮೊದಲು ತಂದದ್ದು ಬೂಟು. ಕಾಲಿನ ಅಳತೆಯನ್ನು ಅವಳು ಹುರಿಯಲ್ಲಿ ಹಿಡಿದು ಹಲ್ಲಿನಿಂದ ಕಡಿದುಕೊಟ್ಟಿದ್ದಳು. ಹೆಂಗಸರ ಬೂಟಿನಲ್ಲಿ ಅಷ್ಟು ಅಗಲದ್ದು ಸಿಗದೆ ಗಂಡಸರ ಬಿಳಿ ಕ್ಯಾನ್ವಾಸ್ ಬೂಟು ತಂದೆ. ಇಳಕಲ್ ಸೀರೆಯ ಕೆಳಗೆ ಅದನ್ನು ನೋಡಿ ಓಣಿಯೆಲ್ಲ ನಕ್ಕಿತು. “ದಿನಾ ಇಪ್ಪತ್ತ ಮೈಲ ಕುರಿ ಹಿಂದ ಬರಿಗಾಲಾಗ ತಿರಗಿದಾಂವನ ಹೆಣ್ತಿ, ಮನಿ ಸುತ್ತ ಬೂಟ ಹಾಕ್ಕೊಂಡ ತಿರಗಾಕತ್ತೇನಿ ನೋಡ್ರಿ,” ಎಂದು ಅವಳೂ ನಕ್ಕಳು. ಆದರೆ ಬೆಳಿಗ್ಗೆ ಬೆಳಿಗ್ಗೆ ಯಾರೂ ಮನೆ ಕಟ್ಟದೆ ಬಿಟ್ಟ ಪ್ಲಾಟುಗಳ ನಡುವೆ ನಡೆದಳು. ಆ ಬೂಟು ಖರೆ ಉಪಯೋಗಕ್ಕೆ ಬಂತು. ಚಪ್ಪಲಿಯಲ್ಲಿ ಅವಳ ಹಿಮ್ಮಡಿ ಮುನ್ನೂರು ಹೆಜ್ಜೆಗೇ ಸೋಲುತ್ತಿತ್ತು.

ಆಮೇಲೆ ತೂಕದ ಮಷಿನ್. ಉಪಕೇಂದ್ರದ ತಕ್ಕಡಿಯ ಮೇಲೆ ನಿಂತರೆ ಸಾಲಿನಲ್ಲಿದ್ದ ಹೆಂಗಸರು ಇಣುಕಿ ನೋಡುತ್ತಾರೆ ಎಂದು ಅವಳಿಗೆ ನಾಚಿಕೆ. ಮಷಿನ್ ತಂದುಕೊಟ್ಟ ಮಾರನೆಯ ವಾರ ಹೋಗಿ ನೋಡುತ್ತೇನೆ, ಅದು ಮನೆದೇವರು ಬೀರಪ್ಪನ ಜಗಲಿಯ ಮೇಲೆ ಕೂತಿದೆ. ಮೇಲೆ ಭಂಡಾರದ ಅರಿಶಿನ ಹಚ್ಚಿ ಎರಡು ಚೆಂಡು ಹೂವು ಇಟ್ಟಿದ್ದಾಳೆ.

“ತೂಕ ಎಷ್ಟ ಆತು, ಯಕ್ಕಾ?” ಅಂದೆ.

“ಅಯ್ಯ, ಪೂಜಿ ಮಾಡಿದ್ದರ ಮ್ಯಾಲ ಕಾಲ ಹೆಂಗ ಇಡ್ಲಿ ಬಾಯಾರ?”

ಹೊಸದು ಏನೇ ಮನೆಗೆ ಬಂದರೂ ಮೊದಲು ಭಂಡಾರ ಹಚ್ಚುವುದು ಅವರ ಪದ್ಧತಿ. ಮೇಲೆ ಹತ್ತಿ ನಿಲ್ಲುವ ವಸ್ತು ಅದಕ್ಕೂ ಮೊದಲು ಬಂದಿರಲಿಲ್ಲ, ಅಷ್ಟೇ. ಅರ್ಧ ಗಂಟೆ ವಾದ ಮಾಡಿದೆವು. ಹೊಲದ ಭೂಮಿತಾಯಿಗೆ ಕೈಮುಗಿದು ಅಲ್ಲೇ ಕಾಲಿಡುತ್ತೇವಲ್ಲ ಅಂದಮೇಲೆ ಒಪ್ಪಿದಳು. ಅಂದಿನಿಂದ ಪ್ರತಿ ರವಿವಾರ ಅದನ್ನು ಕೆಳಗಿಳಿಸಿ, ಮುಟ್ಟಿ ಕಣ್ಣಿಗೊತ್ತಿಕೊಂಡು, “ತಪ್ಪಾತೋ ನಮ್ಮಪ್ಪ” ಅಂದು ಏರುತ್ತಿದ್ದಳು.

ಎಣ್ಣೆಗೆ ಒಂದು ಚಿಕ್ಕ ಚಮಚ ತಂದೆ, ಅಗಲ ಗಂಗಾಳದ ಬದಲು ಅಂಗೈಗಿಂತ ತುಸು ದೊಡ್ಡದಾದ ತಾಟು ತಂದೆ. ಸಕ್ಕರೆ ಬಿಡಿಸಿದೆ. ಎರಡು ತಿಂಗಳಿಗೆ ಎರಡೂವರೆ ಕೆ.ಜಿ. ಇಳಿದಳು. ಆಮೇಲೆ ಮುಳ್ಳು ಅಲ್ಲಾಡಲಿಲ್ಲ. ಏಪ್ರಿಲ್ ಹೋಯಿತು, ಮೇ ಹೋಯಿತು. ಎಷ್ಟು ತಿನ್ನುತ್ತಿ ಎಂದು ಕೇಳಿದಾಗಲೆಲ್ಲ ಮಧ್ಯಾಹ್ನ ಒಂದು ರೊಟ್ಟಿ, ರಾತ್ರಿ ಒಂದು ರೊಟ್ಟಿ ಅನ್ನುತ್ತಿದ್ದಳು. ಸುಳ್ಳು ಹೇಳುವವಳಲ್ಲ. ನನಗೆ ತಲೆ ಕೆಟ್ಟು ಹೋಯಿತು. ಜೂನಿನಲ್ಲಿ ಒಂದು ದಿನ ಹೇಳದೆ ಕೇಳದೆ ಬೆಳಿಗ್ಗೆ ಎಂಟಕ್ಕೆ ಅವಳ ಮನೆಗೆ ಹೋದೆ.

ಅವಳು ಮೂಲೆಯಲ್ಲಿ ಕೂತು ಹಿಂದಿನ ದಿನದ ಕಡಕ್ ರೊಟ್ಟಿಯನ್ನು ಮೊಸರು, ಶೇಂಗಾ ಹಿಂಡಿ ಚಟ್ನಿ ಹಚ್ಚಿ ತಿನ್ನುತ್ತಿದ್ದಳು. ಆ ಚಿಕ್ಕ ತಾಟಿನಲ್ಲಿ ಅಲ್ಲ, ಸೆರಗಿನ ಮೇಲೆ ಇಟ್ಟುಕೊಂಡು. ನಾಲ್ಕು ರೊಟ್ಟಿ.

“ಇದೇನಿದು?” ಅಂದೆ.

“ಇವು ನನ್ನವಲ್ರಿ. ಬಂದವರವು.”

“ಯಾರ ಬಂದಿದ್ರು?”

ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ ತಿಳಿಯಿತು. ಹಳೆಯ ಊರಿನಲ್ಲಿ ದಾರಿ ಹಿಡಿದು ಬಂದ ಕುರಿಗಾರ ಹಸಿದು ಹೋಗಬಾರದೆಂದು ಮನೆಯವರದನ್ನು ಬಿಟ್ಟು ನಾಲ್ಕು ರೊಟ್ಟಿ ಹೆಚ್ಚು ಬಡಿದು ಬುಟ್ಟಿಯಲ್ಲಿ ಇಡುತ್ತಿದ್ದಳು. ಅವಳ ಅತ್ತೆ ಹಾಕಿಕೊಟ್ಟ ರೂಢಿ. ಇಲ್ಲಿಗೆ ಬಂದಮೇಲೂ ಬಿಟ್ಟಿರಲಿಲ್ಲ. ಈ ಊರಿನ ಮುಂದೆ ಯಾವ ಹಿಂಡೂ ಹಾಯುವುದಿಲ್ಲ, ಸುತ್ತ ಕಬ್ಬು ಬಂದು ಕುರಿ ಮೇಯುವ ಜಾಗವೇ ಉಳಿದಿಲ್ಲ. ಏಳು ವರ್ಷ ದಿನವೂ ನಾಲ್ಕು ರೊಟ್ಟಿ ಬಡಿದು, ಸಂಜೆಯವರೆಗೆ ಬಾಗಿಲ ಕಡೆ ನೋಡಿ, ಅನ್ನ ಚೆಲ್ಲಬಾರದೆಂದು ಮಾರನೆಯ ಬೆಳಿಗ್ಗೆ ತಾನೇ ತಿನ್ನುತ್ತಿದ್ದಳು. ತಾನು ಉಂಡದ್ದರ ಲೆಕ್ಕಕ್ಕೆ ಅದನ್ನು ಹಿಡಿದಿರಲೇ ಇಲ್ಲ.

“ನಾಳಿಯಿಂದ ಎರಡಽ ಬಡಿ,” ಅಂದೆ.

“ಎರಡಽ ಬಡದ್ರ, ಇನ್ನ ಯಾರೂ ಬರೂದಿಲ್ಲ ಅಂತ ನಾನಽ ಒಪ್ಪಿಕೊಂಡಂಗ ಆಕೈತ್ರಿ ಬಾಯಾರ.”

ನನಗೆ ಸಿಟ್ಟು ಬಂತು. “ಬಂದ್ರ ಆವಾಗ ಬಡದ್ರಾತು, ಹಿಟ್ಟೇನ ಓಡಿ ಹೊಕ್ಕೈತೇನ? ನಿನಗ ತಾರವ್ವ ಬೇಕೋ, ಬರದ ಮಂದಿ ಬೇಕೋ?” ಅಂದುಬಿಟ್ಟೆ. ಮುಂದಿನ ಸಲ ಜಮಖಂಡಿಯಿಂದ ಅವಳು ಹೇಳದಿದ್ದರೂ ಒಂದು ಸ್ಟೀಲ್ ಡಬ್ಬಿ ತಂದೆ. ಮಡಚಿಟ್ಟರೆ ಎರಡೇ ರೊಟ್ಟಿ ಹಿಡಿಯುವಂಥದ್ದು. ರೊಟ್ಟಿ ಬುಟ್ಟಿಯನ್ನು ನನ್ನ ಕೈಯಾರೆ ಅಟ್ಟದ ಮೇಲೆ ಏರಿಸಿದೆ. ಅವಳು ಬೇಡ ಅನ್ನಲಿಲ್ಲ. ಡಬ್ಬಿಗೆ ಭಂಡಾರವನ್ನೂ ಹಚ್ಚಲಿಲ್ಲ.

ತಂದ ಸಾಮಾನುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದೇ. ಪ್ರತಿ ರವಿವಾರ ಮುಳ್ಳು ಇಳಿಯಿತು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಎಪ್ಪತ್ತೊಂದಕ್ಕೆ ಬಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ, ತಿಂಗಳ ಸಭೆಯಲ್ಲಿ ಡಾಕ್ಟರ ಮುಂದೆ ಎರಡು ಸಲ ಹೇಳಿದೆ. ಅವಳು ಮಾತ್ರ ಮಾತು ಕಡಿಮೆ ಮಾಡಿದ್ದಳು. ಹೇಗಿದ್ದಿ ಅಂದರೆ, “ಛಲೋ ಅದೀನ್ರಿ,” ಅನ್ನುತ್ತಿದ್ದಳು. ಬಾಗಿಲನ್ನು ಮಧ್ಯಾಹ್ನವೇ ಮುಂದೆ ಮಾಡಿಕೊಳ್ಳುತ್ತಿದ್ದಳು. ನಾನು ಅದನ್ನೂ ನೋಡಿದ್ದೆ, ಮಧ್ಯಾಹ್ನದ ನಿದ್ದೆ ಅಂದುಕೊಂಡಿದ್ದೆ.

ಅಕ್ಟೋಬರಿನಲ್ಲಿ ಒಂದು ದಿನ ರಜೆ ಹಾಕಿ ನಾನೂ ಜೊತೆಗೆ ಹೊರಟೆ. ಬಸ್ಸಿನ ಬಾಗಿಲ ಕಂಬಿ ಹಿಡಿದಳು, ಎಡಗಾಲು ಏರಿಸಿದಳು, ಬಲಗಾಲು ಏರಿಸಿದಳು, ಹೋಗಿ ಕಿಟಕಿಗೆ ಕೂತಳು. ಯಾರೂ ಅವಳ ಕಡೆ ನೋಡಲೂ ಇಲ್ಲ. ಮುಧೋಳದಲ್ಲಿ ಬಸ್ಸು ಬದಲಿಸಿ ಕ್ರಾಸಿನಲ್ಲಿ ಇಳಿದೆವು. ಎರಡು ಮೈಲು ನನಗಿಂತ ಮುಂದೆ ನಡೆದಳು.

ತಾರವ್ವ ಕಟ್ಟೆಯ ಮೇಲೆ ಕೂತು ಕೈಯ ತುದಿಯಲ್ಲೇ ಜೋಳದೊಳಗಿನ ಹರಳು ಹುಡುಕುತ್ತಿದ್ದಳು. ಕಣ್ಣು ಎರಡೂ ಬೆಳ್ಳಗಾಗಿದ್ದವು. ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತಿ, “ಯಾರವ್ವ?” ಅಂದಳು. ಸಾತವ್ವ ಹತ್ತಿರ ಹೋಗಿ ಅವಳ ಕೈ ಹಿಡಿದಳು.

ತಾರವ್ವ ಆ ಕೈಯನ್ನು ಸವರಿದಳು. ಬೆರಳು, ಬಳೆ, ಮುಂಗೈ ಹಚ್ಚೆಯ ಜಾಗ. “ಸಾತಿ?” ಅಂದಳು. ಹಾಗೇ ಮೇಲೆ ಸವರುತ್ತ ತೋಳಿಗೆ ಬಂದು ಕೈ ನಿಲ್ಲಿಸಿದಳು. ಮತ್ತೊಮ್ಮೆ ಹಿಡಿದು ನೋಡಿದಳು. ತೋಳಿನ ಚರ್ಮ ಸಡಿಲಾಗಿ ಅವಳ ಬೆರಳಿಗೆ ಸಿಕ್ಕಿತು.

“ಇದೇನ ಬೇ ಇದು? ಮೈ ಎಲ್ಲಿ ಹೋತು?”

ನಾನು ಸುಮ್ಮನಿರಬೇಕಿತ್ತು. “ಹದಿಮೂರ ಕೆ.ಜಿ. ಇಳಸ್ಯಾಳ್ರಿ, ನಿಮ್ಮನ್ನ ನೋಡಾಕಂತನಽ,” ಅಂದೆ. ಹಬ್ಬದೂಟ ಬಡಿಸಿದವಳ ಹಾಗೆ ನಿಂತಿದ್ದೆ. ತಾರವ್ವ ನನ್ನ ಮಾತಿಗೆ ಕಿವಿಯನ್ನೇ ಕೊಡಲಿಲ್ಲ. ಅವಳ ಕೈ ಸಾತವ್ವನ ಹೆಗಲಿಗೆ ಹೋಯಿತು, ಕುತ್ತಿಗೆಗೆ ಹೋಯಿತು, ಕೆನ್ನೆಯ ಎಲುಬು ಮುಟ್ಟಿತು.

“ಯಾಕ ಇಷ್ಟ ಸೊರಗೀದಿ ಬೇ?” ಅಂದಳು. “ಉಣ್ಣ ಅಂತ ಅನ್ನಾವ್ರ ಯಾರೂ ಇಲ್ಲೇನ ನಿನಗ ಅಲ್ಲಿ?”

ಒಂಬತ್ತು ತಿಂಗಳು ಅವಳ ಮನೆಗೆ ಹೋಗಿ ಬಂದವಳು ನಾನು. ಇದನ್ನು ಒಂದು ಸಲವೂ ಕೇಳಿರಲಿಲ್ಲ. ಅವಳು ಛಲೋ ಅದೀನ್ರಿ ಅನ್ನುತ್ತಾಳೆ ಎಂದು ಕಾದೆ.

“ಇಲ್ಲ ತಾರಿ,” ಅಂದಳು ಸಾತವ್ವ. “ಯಾರೂ ಇಲ್ಲ.”