ತಿದ್ದಿದ ಫೋಟೋದ ಮೂಗು

ನನ್ನ ತಂಗಿ ನೀಲಾಳ ಮೂಗು ಕೆಟ್ಟದ್ದು ನನ್ನಿಂದ. ಕತ್ತರಿಸಿದವರು ಸರ್ಜನ್. ಆದರೆ ಅವರ ಮೇಜಿನ ಮೇಲೆ ಒಂದು ಸುಳ್ಳು ಮುಖ ಇದ್ದಾಗ ಸುಮ್ಮನಿದ್ದವನು ನಾನು — ಆ ಸುಳ್ಳು ಅಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

ಎಪ್ಪತ್ತರ ದಶಕದ ನಡುವೆ ಖಾನಾಪುರದಲ್ಲಿ ಅವಳಿಗೆ ವರ ನೋಡುತ್ತಿದ್ದೆವು. ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿ ಬಂದಿದ್ದ ನಾನು, ಕುಂಡಲಿ ಕಳಿಸುವುದು ಬೇಡ, ಫೋಟೋ ಸಾಕು ಎಂದು ಹಟ ಹಿಡಿದೆ. ಕುಂಡಲಿ ಏನು ಬೇಕಾದರೂ ಹೇಳುತ್ತದೆ, ಕ್ಯಾಮೆರಾ ಹಾಗಲ್ಲ — ಇಂಥ ಮಾತು ಆಗ ನನಗೆ ಸಲೀಸಾಗಿ ಬರುತ್ತಿತ್ತು. ಬೆಳಗಾವಿಯ ಕ್ಯಾಂಪಿನ ಒಂದು ಸ್ಟುಡಿಯೋದಲ್ಲಿ ತೆಗೆಸಿದೆವು. ಮುಂದಿನ ವಾರ ನಾನೊಬ್ಬನೇ ಹೋದಾಗ ಫೋಟೋಗ್ರಾಫರ್ ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು, “ಮೂಗ ಜರಾ ಸಣ್ಣ ಮಾಡೂಣೇನ್ರಿ ಸಾಹೇಬ್ರ?” ಎಂದ. ನಾನು “ಮಾಡ್ರಿ” ಎಂದೆ. ಅಥವಾ — ಮೊದಲು ಆ ಮಾತು ತೆಗೆದವನು ನಾನೇ ಇರಬಹುದು. ಎರಡೂ ರೀತಿಯಲ್ಲಿ ನೆನಪಾಗುತ್ತದೆ. ಮೊದಲನೆಯದು ನನಗೆ ಅನುಕೂಲವಾದದ್ದು. ಆದ್ದರಿಂದಲೇ ಅದರ ಮೇಲೆ ನನಗೆ ನಂಬಿಕೆ ಇಲ್ಲ. ಅವನು ನೆಗೆಟಿವ್ ಕೆರೆದು, ಪೆನ್ಸಿಲ್ ಆಡಿಸಿ, ಅವಳಿಗೆ ಬೇರೊಂದು ಮೂಗು ಕೊಟ್ಟ.

ಫೋಟೋ ಮೆಚ್ಚಿ ನೋಡಲು ಬಂದವರಲ್ಲಿ ಹುಡುಗನ ಸೋದರತ್ತೆಯೂ ಇದ್ದಳು. ಚಹಾ ತಂದ ನೀಲಾಳನ್ನು ನೋಡಿದಳು, ಕೈಯಲ್ಲಿದ್ದ ಫೋಟೋ ನೋಡಿದಳು. “ಈ ಫೋಟೋದಾಕಿ ಒಳಗ ಅದಾಳೇನ್ರಿ? ಆಕೀನೂ ಕರೀರಲ್ಲ.”

ಎಲ್ಲರೂ ನಕ್ಕರು. ನೀಲಾ ಕೂಡ ನಕ್ಕಳು.

ಅವರು ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. “ಅಣ್ಣಾ, ಫೋಟೋದಾಗ ಯಾಕ ಹಂಗ ಬಂತು?”

“ಲೈಟ್ ಸರಿ ಬಿದ್ರ ನೀ ಹಂಗ ಕಾಣ್ತಿ,” ಎಂದೆ.

ಇಷ್ಟೇ ಮಾತು. ಓದಿದ ಅಣ್ಣ ಹೇಳಿದನೆಂದು ನಂಬಿದಳು — ಫೋಟೋದ್ದೇ ತನ್ನ ಮೂಗು, ಕನ್ನಡಿಯದ್ದು ಯಾವುದೋ ಸಣ್ಣ ದೋಷ ಎಂದು. ಗುಂಜಿ ಎಂಬ ಊರಿನ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕ ಮೇಲೆ ಆ ದೋಷ ಸರಿಪಡಿಸಲು ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿಸಿಕೊಂಡಳು. ಮಾದರಿಗೆ ಅದೇ ಫೋಟೋ. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಇದು ತಿದ್ದಿದ ಫೋಟೋವೇ ಎಂದು ಸರ್ಜನ್ ಕೇಳಿದರೋ, ಕೇಳಿಯಾರು ಎಂದು ನಾನು ಹೆದರಿದ್ದೆನೋ — ಈಗ ಬೇರ್ಪಡಿಸಲಾರೆ. ಬಾಯಿ ಬಿಡಲಿಲ್ಲ ಎಂಬುದಷ್ಟೇ ಖಚಿತ.

ಪಟ್ಟಿ ಬಿಚ್ಚಿದಾಗ ಮೂಗಿನ ತುದಿ ಹಿಂಡಿದಂತಿತ್ತು, ಒಂದು ಹೊಳ್ಳೆ ಅರ್ಧ ಮುಚ್ಚಿತ್ತು. ಮದುವೆಯ ಮಾತನ್ನು ಅವಳೇ ನಿಲ್ಲಿಸಿದಳು. ತಮಾಷೆ ಮಾತ್ರ ಬಿಡಲಿಲ್ಲ. “ಪಾಠ ಮಾಡುವಾಗ ಮೂಗ ಸೀಟಿ ಹೊಡೀತೈತಿ. ‘ಅಕ್ಕೋರ, ರೈಲಗಾಡಿ ಬಂತ್ರಿ’ ಅಂತಾವ ಹುಡುಗ್ರು.” ನಾನೂ ನಗುತ್ತಿದ್ದೆ. ಹೀಗೆಯೇ ಎಂಬತ್ತರ ದಶಕ ಬಂತು.

ಈ ವರ್ಷ ಬೆಳಗಾವಿಗೆ ಬಂದ ಹೊಸ ಡಾಕ್ಟರು, ಇನ್ನೊಂದು ಆಪರೇಷನ್ನಿನಿಂದ ಸರಿಪಡಿಸಬಹುದು ಎಂದರು. “ಮತ್ತ ತಪ್ಪಿದ್ರ ಮೂರನೇ ಸಲ ಕೈ ಹಚ್ಚಾಕ ಒಳಗ ಏನೂ ಉಳಿಯೂದಿಲ್ರಿ. ಮೊದಲಿನ ಮೂಗಿಂದು ಫೋಟೋ ತರ್ರಿ.” ಮನೆಯಲ್ಲಿ ಅವಳದು ಅದೊಂದೇ ಫೋಟೋ. ಶಾಲೆಯ ಗುಂಪುಚಿತ್ರದಲ್ಲಿ ಅವಳ ಮುಖ ಕಡಲೆಕಾಳಿನಷ್ಟೂ ಇಲ್ಲ.

ಫೋಟೋವನ್ನು ಚೀಲದಲ್ಲಿಟ್ಟುಕೊಂಡು ನನ್ನೊಂದಿಗೆ ಬೆಳಗಾವಿಯ ಬಸ್ಸು ಹತ್ತಿದಳು. “ಛಂದ ಬ್ಯಾಡ ಅಣ್ಣಾ. ನಂದು ನನಗ ವಾಪಸ್ ಬಂದ್ರ ಸಾಕು,” ಎಂದಳು.

ಬಸ್ಸು ದಾರಿಯಲ್ಲಿನ ಮಚ್ಛೆ ಊರನ್ನು ದಾಟುವಾಗ ಹೇಳಿದೆ. ಸ್ಟುಡಿಯೋ, ನೆಗೆಟಿವ್, ಲೈಟಿನ ಮಾತು — ಎಲ್ಲವನ್ನೂ. ನನ್ನ ಧ್ವನಿ ನನಗೇ ಯಾರದೋ ಪಾಠದಂತೆ ಕೇಳಿಸಿತು. ಅವಳು ಫೋಟೋ ಹೊರತೆಗೆದು ಬಹಳ ಹೊತ್ತು ನೋಡಿದಳು.

“ಹಂಗಾರ ನನ್ನ ಮೂಗ ಹೆಂಗಿತ್ತು?”

ಕಣ್ಣು ಮುಚ್ಚಿದೆ. ಅವಳು ತೊಟ್ಟಿಲಲ್ಲಿದ್ದಾಗಿನಿಂದ ನೋಡುತ್ತಾ ಬಂದ ಮುಖ. ಫೋಟೋದ ಮೂಗು ಬಂತು, ಆಮೇಲೆ ಈಗಿನದು ಬಂತು — ಬೇರೆ ಯಾವುದೂ ಬರಲಿಲ್ಲ.

“ನೆನಪಿಲ್ಲ,” ಎಂದೆ.

ಅವಳು ಫೋಟೋವನ್ನು ನನ್ನ ಕೈಗಿಟ್ಟಳು. “ಡಾಕ್ಟರ್ ಮುಂದ ನೀನ ಹೇಳಬೇಕು. ನೆನಪಿಲ್ಲ ಅನ್ನೂದನ್ನೂ ಹೇಳು.”

“ಹೂಂ.”

ಕಿಟಕಿಯತ್ತ ತಿರುಗಿ ಕೂತಳು. ಬಸ್ಸಿನ ಗದ್ದಲದಲ್ಲೂ ಆ ಸಣ್ಣ ಸೀಟಿ, ಬೆಳಗಾವಿ ಬರುವವರೆಗೂ, ನನಗೆ ಕೇಳುತ್ತಲೇ ಇತ್ತು.